ಏಳದ ಎಡಗೈಗೆ ಸಿಕ್ಕ ಪರಿಹಾರ

ನೋಯುವ ತನಕ ಮೈಯ ಯಾವ ಭಾಗವೂ ನಮಗೆ ನೆನಪಾಗುವುದಿಲ್ಲ. ನನಗೆ ಎಡಗೈ ಒಂದಿದೆ ಎಂದು ತಿಳಿಸಿಕೊಟ್ಟದ್ದು ಕಾಲರಾ ಸೂಜಿ. ಎಪ್ಪತ್ತರ ದಶಕದ ಒಂದು ಬೇಸಿಗೆ. ಕೆ.ಜಿ.ಎಫ್.ನ ನಮ್ಮ ಗಣಿಯಲ್ಲಿ ಪ್ರತಿ ಪಾಳಿಯವರನ್ನೂ ಸಾಲಾಗಿ ನಿಲ್ಲಿಸಿ ಚುಚ್ಚಿದರು. ಕಾಂಪೌಂಡರಿಗೆ ಏನು ಅವಸರವೋ, ತೋಳಿಗೆ ಬೀಳಬೇಕಾದ ಸೂಜಿ ಭುಜದ ಕೀಲಿಗೇ ಇಳಿಯಿತು. ಜ್ವರ ಬಿಟ್ಟರೂ ಕೈ ಎದೆಮಟ್ಟದಿಂದ ಮೇಲೇಳಲಿಲ್ಲ. ಶರ್ಟು ತೊಡಿಸುವುದಕ್ಕೂ ಹೆಂಡತಿ ಸರೋಜ ಬರಬೇಕಾಯಿತು.

ಬೇರೆ ಊರಾದರೆ ಕೈ ಎತ್ತದೆಯೂ ಬದುಕಬಹುದು. ನಮ್ಮ ಗಣಿಯಿಂದ ಮನೆಗೆ ಹೊರಡುವಾಗ ಗೇಟಿನಲ್ಲಿ ಎರಡೂ ಕೈ ಎತ್ತಿ ನಿಲ್ಲಬೇಕು. ಚಿನ್ನದ ಕಲ್ಲು ಬಚ್ಚಿಟ್ಟಿದ್ದೇವೋ ಎಂದು ಕಂಕುಳೆಲ್ಲ ತಡಕುತ್ತಾರೆ. ನಾನು ಒಂದೇ ಕೈ ಎತ್ತಿದೆ. ಗೇಟಿನ ಮುನಿಯಪ್ಪ, ನಮ್ಮ ಬೂದಿಕೋಟೆ ಕಡೆಯವನೇ, ಕಳ್ಳನನ್ನು ನೋಡುವಂತೆ ನೋಡಿದ.

"ಇನ್ನೊಂದೂ ಎತ್ತಣ್ಣ."

"ಎತ್ತಾಕಾಗಲ್ಲ ಮುನಿಯಪ್ಪ, ಸೂಜಿ ಆಕವ್ರೆ."

"ಊರಿಗೆಲ್ಲ ಆಕವ್ರೆ. ನಿಂದೊಂದೇ ಕೈಗೇನ್ ಬಂತು?" ಎಂದು ತಾನೇ ಎತ್ತಿಬಿಟ್ಟ. ನನ್ನ ಕೂಗಿಗೆ ನನಗೇ ಗಾಬರಿಯಾಯಿತು. ದಿನವೂ ಇದೇ ಸೇವೆ ನಡೆಯಿತು.

ಸರೋಜಳಿಗೆ ಮಾತ್ರ ಇದರಲ್ಲಿ ದೇವರ ದಯೆ ಕಂಡಿತು. ನಾನು ದುಡಿಯುವ ನೆಲದಡಿಯ ಸುರಂಗದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆ ಅದುರಿದಾಗಲೆಲ್ಲ ಅವಳ ಜೀವ ಹೋಗಿ ಬರುತ್ತಿತ್ತು. "ದುಡ್ಡು ಕೇಳಬ್ಯಾಡಿ. ಪರಿಹಾರ ಅಂತ ಮೇಲ್ಗಡೆ ಕೆಲಸ ಕೇಳಿ" ಎಂದಳು. ಬಂಗಾರಪೇಟೆಯ ಡಾಕ್ಟರು ಸೂಜಿಯದೇ ತಪ್ಪೆಂದರು. ಧೈರ್ಯ ಮಾಡಿ ಗಣಿಯ ಸಾಹೇಬರನ್ನು ಕೇಳಿದೆ.

ವಿಚಾರಣೆಯ ದಿನ ಸಾಹೇಬರು ಸಾಕ್ಷಿಗೆ ಕರೆಸಿದ್ದು ಮುನಿಯಪ್ಪನನ್ನು. ಅವನು ಕೈಕಟ್ಟಿ ನಿಂತು, "ದಿನಾ ನಾನೇ ಎತ್ತಾದು ಸಾರ್. ತಾನಾಗಿ ಒಂದಿನಾನೂ ಎದ್ದಿಲ್ಲ. ಆ ಕೂಗು ಸುಳ್ಳು ಕೂಗಲ್ಲ" ಎಂದ. ಇಷ್ಟು ದಿನ ಬೈದುಕೊಂಡವನ ಕಾಲಿಗೆ ಬೀಳುವಂತಾಯಿತು. ಸಾಹೇಬರು ಅಲ್ಲೇ ತೀರ್ಮಾನ ಹೇಳಿದರು: ಮೇಲ್ಗಡೆ ಕೆಲಸ ಕೊಡಲಾಗಿದೆ, ಗೇಟಿನಲ್ಲಿ, ಮನೆಗೆ ಹೊರಡುವವರನ್ನು ತಡಕುವುದು. ಅದಕ್ಕೆ ಒಂದು ಕೈ ಸಾಕಂತೆ. ಸರೋಜ ಪಾಯಸ ಮಾಡಿದಳು.

ಮೊದಲ ದಿನವೇ ಬೇರೆ ಪಾಳಿಯ ಸೆಲ್ವರಾಜ ಒಂದೇ ಕೈ ಎತ್ತಿ ಎದುರು ನಿಂತ. "ಈ ಕೈ ಏಳಲ್ಲ ಅಣ್ಣಾ. ಸೂಜಿ." ನನಗೆ ರೇಗಿತು. ನನಗೆ ಕೆಲಸ ಸಿಕ್ಕ ಸುದ್ದಿ ಕೇಳಿ ಇವನೂ ಹೊಂಚು ಹಾಕಿದ್ದಾನೆ!

"ಊರಿಗೆಲ್ಲ ಆಕವ್ರೆ. ನಿಂದೊಂದೇ ಕೈಗೇನ್ ಬಂತು?" ಎಂದು ನನ್ನ ಒಳ್ಳೆಯ ಕೈಯಿಂದ ಅವನ ಕೈ ಎತ್ತಿದೆ.

ಅವನು ಕೂಗಿದ. ಆ ಕೂಗು ಸುಳ್ಳಲ್ಲವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಗೇಟಿನಲ್ಲಿ ಯಾರೂ ಇರಲಿಲ್ಲ.