ಕಳ್ಳನಿಲ್ಲದ ಕಂಪ್ಯೂಟರ್ ಕೋಣೆ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಸಮಸ್ತ ಕಂಪ್ಯೂಟರುಗಳ ರಕ್ಷಣಾ ಮಂತ್ರಿ ನಾನು. ಹೆಂಡತಿ ಗಿರಿಜಾ ಇರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ನಾನು ವಾರವಿಡೀ ಗಿರಣಿಯ ಕೋಣೆಯಲ್ಲಿ, ಅವಳ ನೆನಪಿನೊಂದಿಗೆ.

ನನ್ನ ಕಂಪ್ಯೂಟರುಗಳಿಗೆ ಒಂದು ನೆಗಡಿ ಕೂಡ ಬರುತ್ತಿರಲಿಲ್ಲ! ಅಕ್ಕಪಕ್ಕದ ಗಿರಣಿಗಳಿಗೆ ವೈರಸ್ ನುಗ್ಗಿ ಹಾಹಾಕಾರವೆದ್ದಾಗಲೂ ನಮ್ಮಲ್ಲಿ ರಾಮರಾಜ್ಯ. ನಾನು ಮರೆತ ಅಪ್‌ಡೇಟುಗಳೂ ತಾವಾಗಿಯೇ ಆಗಿಬಿಡುತ್ತಿದ್ದವು. ಎಲ್ಲ ನನ್ನ ಕೈಗುಣ ಎಂದುಕೊಂಡೆ.

ಗಿರಣಿಯ ಸಾಹುಕಾರರು ಶಾಲು ಹೊದಿಸಿದರು. ಕುರುಗೋಡಿನ ವರ್ತಕರು ಕರೆಸಿ ಭಾಷಣ ಮಾಡಿಸಿದರು. "ನನ್ನ ಹೆಸರು ಕೇಳಿದ್ರ ಕಳ್ರು ದಾರಿ ಬಿಟ್ಟು ಹೋಗ್ತಾರ್ರಿ!" ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ!

ಅದೇ ಹುಮ್ಮಸ್ಸಿನಲ್ಲಿ, ಗೋಡೆಗೊಂದು ಪ್ರಶಸ್ತಿಪತ್ರ ಬೇಕೆಂದು, ಬಳ್ಳಾರಿಯಿಂದ ಒಬ್ಬ ತಜ್ಞೆಯನ್ನು ತಪಾಸಣೆಗೆ ಕರೆಸಿದೆ. ಸಾಹುಕಾರರನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ.

ಆಕೆ ಕಂಪ್ಯೂಟರುಗಳನ್ನೆಲ್ಲ ಜಾಲಾಡಿ, ತಲೆಯೆತ್ತಿ ಕೇಳಿದಳು: "ಇವನ್ನ ನೋಡ್ಕೊಳ್ಳೋರು ಯಾರ್ರಿ?"

"ನಾನೇ!"

"ನೀವಲ್ರಿ. ಒಬ್ಬ ಹ್ಯಾಕರ್ ವರ್ಷಗಟ್ಲೆಯಿಂದ ಒಳಗ ಕುಂತಾನ. ನಿಮ್ಮ ಅಕ್ಕಿ ರೇಟು ಗಿರಾಕಿಗಿಂತ ಮೊದ್ಲು ಅವನೇ ಓದ್ತಾನ. ಬ್ಯಾರೆ ಕಳ್ರು ಬಂದ್ರ ತಾನೂ ಸಿಕ್ಕಿಬೀಳ್ತೀನಂತ ವೈರಸ್ ತೆಗದು, ಅಪ್‌ಡೇಟ್ ಹಾಕಿ, ಬಾಗ್ಲ ಕಾಯ್ಕೊಂಡು ಅದಾನ."

"ಹೆಂಗ ಬಂದ?"

"ನೀವೇ ಕರದೀರಿ. 'ಹೆಂಡತಿಯ ಮುನಿಸು ಕರಗಿಸುವ ಉಪಾಯಗಳು' ಅಂತ ಬಂದ ಮೇಲ್ ತೆಗದೀರಲ್ರಿ?"

ಸಾಹುಕಾರರು ಕೆಮ್ಮಿದರು. ದೊಡ್ಡ ದೊಡ್ಡ ವ್ಯಾಪಾರವೆಲ್ಲ ಕೂದಲೆಳೆಯ ಅಂತರದಲ್ಲಿ ಎದುರಾಳಿಗಳ ಪಾಲಾಗುತ್ತಿದ್ದುದೇಕೆಂದು ಅವರಿಗೆ ಆಗ ಹೊಳೆಯಿತು.

ತಜ್ಞೆ ಕಳ್ಳನನ್ನು ಹೊರಗಟ್ಟಿದಳು. ಮರುವಾರವೇ ವೈರಸ್ ಬಂತು. ಪ್ರಿಂಟರ್ ಕೆಟ್ಟಿತು. ಗಿರಣಿ ಬಿಲ್ಲಿಲ್ಲದೆ ನಿಂತಿತು. ಸಾಹುಕಾರರು ಗುಡುಗಿದರು: "ಲೇ, ಅವನ್ನ ವಾಪಸ್ ಕರಿಯಾಕ ಬರ್ತೈತೇನು ನೋಡು. ನಿನ್ನ ಸಂಬಳ ಅವಂಗ ಕೊಡೂಣು!"

ಸಂಜೆ ಗಿರಣಿಯ ಸದ್ದಡಗಿದರೆ ಕೋಣೆ ಭಣಗುಟ್ಟುತ್ತದೆ. ಒಬ್ಬನೇ ಇದ್ದೇನೆಂದುಕೊಂಡಿದ್ದ ಅಷ್ಟೂ ಕಾಲ ಇನ್ನೊಬ್ಬ ಜೊತೆಗಿದ್ದ. ಗಿರಿಜಾಳಿಗೆಂದು ಟೈಪು ಮಾಡಿ, ಕಳಿಸಲು ನಾಚಿ ಅಳಿಸಿದ ಸಾಲುಗಳನ್ನು ಅವನಾದರೂ ಓದಿರುತ್ತಾನೆ. ಈಗ ಅಳಿಸಿದರೆ ಅಳಿಸಿದಂತೆಯೇ.

ಹಾಗೆ ಕುಳಿತಿದ್ದಾಗಲೇ ಗಿರಿಜಾಳ ಫೋನು. "ಯಾಕ್ರಿ, ದನಿ ಸಣ್ಣಗಾಗೈತಿ? ನನ್ನ ನೆನಪಾತೇನು?"

"ಇಲ್ಲ, ಕಳ್ಳನ ನೆನಪಾತು," ಎಂದುಬಿಟ್ಟೆ.

ಫೋನು ಕಟ್!

ಭಾನುವಾರ ಮೈಸೂರುಪಾಕು ಸಮೇತ ಊರಿಗೆ ಓಡಿದೆ. ಗುರುತಿಲ್ಲದವನೊಬ್ಬ ನನ್ನ ಗಿರಣಿ ಹೊಕ್ಕು ಸದ್ದಿಲ್ಲದೆ ವರ್ಷಗಟ್ಟಲೆ ಇದ್ದುಬಿಟ್ಟ. ತಾಳಿ ಕಟ್ಟಿದ ನಾನು ಮಾತ್ರ ನನ್ನದೇ ಮನೆಯ ಹೊಸ್ತಿಲಲ್ಲಿ, ಓಣಿಗೆಲ್ಲ ಕೇಳುವಂತೆ ಬೆಲ್ ಒತ್ತುತ್ತಲೇ ನಿಂತಿದ್ದೆ!