ಯಾರಪ್ಪನ ಕೋವಿ?

ಆಯುಧಪೂಜೆಯ ದಿನ ಬೆಳಿಗ್ಗೆ ಶರಣ್ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೊ ಹಾಕಿದ. ಊರಿನಿಂದ ಅಪ್ಪ ಕಳಿಸಿದ್ದು: ಮಣೆಯ ಮೇಲೆ ಜೋಡು ನಳಿಗೆಯ ಕೋವಿ, ಅದಕ್ಕೆ ಸೇವಂತಿಗೆ ಮಾಲೆ, ಕುಂಕುಮ. ಕಾಡುಹಂದಿಯ ಕಾಟಕ್ಕೆಂದು ಅಜ್ಜ ಲೈಸೆನ್ಸ್ ಪಡೆದಿದ್ದ ಕೋವಿ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಮಲಗಿ ಬರುವುದೇ ಈಗ ಅದರ ಮುಖ್ಯ ಕೆಲಸ.

ಗಲ್ಫಿನ ನಜ್ಮಾ ಬಡಾವಣೆಯಲ್ಲಿ ಶರಣ್ ಇದ್ದ ರೂಮಿನಲ್ಲಿ ಪಕ್ಕದ ಮಂಚ ಬಂಟ್ವಾಳದ ಹಿಶಾಮನದು. ಫೋಟೊ ನೋಡಿ ಅವನು ಹಲ್ಲುಜ್ಜುವುದನ್ನೇ ನಿಲ್ಲಿಸಿದ.

"ಶರಣಣ್ಣ, ತೆಗೀರಿ ಮಾರಾಯ್ರೆ. ಇದನ್ನು ನಾನು ಹಾಕಿದ್ರೆ ಇಷ್ಟೊತ್ತಿಗೆ ಟಿವಿಯವರು ಊರಲ್ಲಿ ನಮ್ಮ ಮನೆ ಅಂಗಳದಲ್ಲಿ ಇರ್ತಿದ್ರು."

"ನಮ್ಮದು ಪೂಜೆ ಮಾರಾಯ. ಅದು ಬೇರೆ, ಇದು ಬೇರೆ."

ಅದು ಯಾವುದು, ಇದು ಯಾವುದು ಎಂದು ಶರಣ್ ಬಿಡಿಸಿ ಹೇಳಲಿಲ್ಲ. ಇಬ್ಬರೂ ದುಡಿಯುತ್ತಿದ್ದ ಕಂಪನಿಯ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿಗೆ ಸೂಪರ್‌ವೈಸರ್ ಬೇಕಾಗಿತ್ತು. ಪಟ್ಟಿಯಲ್ಲಿ ಉಳಿದವರು ಇವರಿಬ್ಬರೇ. ಆ ಹುದ್ದೆಗೆ ಫ್ಯಾಮಿಲಿ ಫ್ಲಾಟ್ ಸಿಗುತ್ತಿತ್ತು. ಮದುವೆಯಾದ ಮೂರು ವರ್ಷಗಳಲ್ಲಿ ಶರಣ್ ಹೆಂಡತಿ ಯಶ್ಮಿತಾಳ ಜೊತೆ ಇದ್ದದ್ದು ಎಪ್ಪತ್ತೇ ದಿನ. ಅವಳನ್ನು ಕರೆಸಿಕೊಳ್ಳುವ ಯೋಚನೆಯಲ್ಲಿ ಅವನಿಗೆ ಊಟವೂ ರುಚಿಸುತ್ತಿರಲಿಲ್ಲ.

ಕಂಪನಿ ಬಸ್ಸಿನಲ್ಲಿ ಹಿರಿಯ ಗುಮಾಸ್ತ ಬೊನವೆಂಚರ್ ಫೋನಿನಲ್ಲಿ ಸುದ್ದಿ ನೋಡುತ್ತಿದ್ದ. ಅಮೆರಿಕದ ಯಾವುದೋ ಅಂಗಡಿಯಲ್ಲಿ ಯಾರೋ ಗುಂಡು ಹಾರಿಸಿದ್ದ.

"ಹೆಸರು ಬಂತಾ?" ಎಂದಿತು ಹಿಂದಿನ ಸೀಟು.

"ಇನ್ನೂ ಇಲ್ಲ. ಹೆಸರು ಬರದೆ ಭಯೋತ್ಪಾದಕನಾ, ತಲೆ ಸರಿ ಇಲ್ಲದವನಾ ಅಂತ ಹೇಗೆ ಹೇಳುದು?" ಎಂದ ಬೊನವೆಂಚರ್ ಶರಣನತ್ತ ತಿರುಗಿದ. "ನಿನ್ನ ಕೋವಿ ನೋಡಿದೆ. ಹೊಸ ಮ್ಯಾನೇಜರೂ ಅಮೆರಿಕದವರೇ ಅಲ್ವಾ? ಅವರು ನೋಡಿದ್ರೆ ನೀನು ಖಲಾಸ್!"

ಶರಣ್ ತಡಬಡಿಸಿ ಫೋನ್ ತೆಗೆದ. ನೋಡಿದವರ ಪಟ್ಟಿಯಲ್ಲಿ ಮ್ಯಾನೇಜರ್ ಹೆಸರು ಮೊದಲಿಗೇ ಇತ್ತು. ಅಳಿಸಿ ಏನು ಪ್ರಯೋಜನ, ಆದರೂ ಅಳಿಸಿದ.

ಆಫೀಸಿಗೆ ಕಾಲಿಟ್ಟದ್ದೇ ತಡ, ಎಚ್‌ಆರ್‌ನ ಲೀನಾ ಎದುರಾದಳು. "ಸರ್ ಕರೀತಿದ್ದಾರೆ. ಎಂಥದೋ ಗನ್ ಅಂತೆ."

"ಆ ಕೋವಿ ಯಾರದು?" ಮ್ಯಾನೇಜರ್ ಪೀಠಿಕೆಯಿಲ್ಲದೆ ಕೇಳಿದರು.

ಶರಣನ ಕಣ್ಣೆದುರು ಜೈಲು, ಊರಿಗೆ ವಾಪಸ್ ಕಳಿಸುವ ವಿಮಾನ, ಯಶ್ಮಿತಾಳ ಮುಖ ಎಲ್ಲ ಸುಳಿದು ಹೋದವು. "ನನ್ನದಲ್ಲ ಸರ್. ಹಿಶಾಮನ ಅಪ್ಪನದು. ಅವನು ಕಳಿಸಿದ್ದ, ಸರಿಯಾಗಿ ನೋಡದೆ ಹಾಕಿಬಿಟ್ಟೆ."

ಆ ಹೆಸರು ಹೇಳಿದರೆ ಎರಡನೇ ಪ್ರಶ್ನೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದಕ್ಕೆ ನಾಚಿಕೆಯೂ ಆಯಿತು.

ಬಾಗಿಲಲ್ಲಿದ್ದ ಲೀನಾ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಹಿಶಾಮನ ಅಪ್ಪ ಕೋವಿಗೆ ಕುಂಕುಮ ಹಚ್ಚಿದ್ದಾ?"

ಶರಣ್ ಕೇಳಿಸದವನಂತೆ ಹೊರಗೆ ಬಂದ.

ಮ್ಯಾನೇಜರ್ ಹಿಶಾಮನನ್ನು ಕರೆಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯಾಯಿತು. ಶರಣ್ ಊರಿನ ದೈವಗಳಿಗೆಲ್ಲ ಹರಕೆ ಹೊತ್ತ, ತನ್ನ ಹೆಸರಲ್ಲೊಂದು, ಹಿಶಾಮನ ಹೆಸರಲ್ಲೊಂದು.

ಹೊರಬಂದ ಹಿಶಾಮ್ ಬೆವರು ಒರೆಸಿಕೊಂಡ. "ಟೆಕ್ಸಾಸಿನ ಮನೆಯಲ್ಲಿ ಅವರದ್ದೇ ಹದಿನಾಲ್ಕು ಕೋವಿ ಉಂಟಂತೆ ಶರಣಣ್ಣ! ಮೊಮ್ಮಕ್ಕಳ ಫೋಟೊ ತೋರಿಸಿದ ಹಾಗೆ ಒಂದೊಂದನ್ನೇ ತೋರಿಸಿದ್ರು. ಕೋವಿಯನ್ನು ಇಷ್ಟು ಚಂದ ನೋಡಿಕೊಳ್ಳುವ ಮನೆಯವನು ಗೋದಾಮನ್ನೂ ನೋಡಿಕೊಳ್ತಾನೆ ಅಂದ್ರು. ಕೆಲಸ ನನಗೇ. ಫ್ಲಾಟ್ ಕೂಡ."

ಶರಣ್ ಅವನನ್ನು ಪಕ್ಕಕ್ಕೆ ಎಳೆದ. "ನೀನು ನಿಜ ಹೇಳಲಿಲ್ವಾ?"

"ಹೇಳ್ಲಿಕ್ಕೇ ಹೊರಟೆ. ಅಷ್ಟರಲ್ಲಿ ನನಗೂ ಹೆಂಡತಿ ನೆನಪಾದಳು." ಹಿಶಾಮ್ ಅವನ ಹೆಗಲ ಮೇಲೆ ಕೈಯಿಟ್ಟ. "ಒಂದು ಉಪಕಾರ ಮಾಡಿ. ಶುಕ್ರವಾರ ಊಟಕ್ಕೆ ಕರೆದಿದ್ದಾರೆ, ಅಪ್ಪನ ಬೇಟೆ ಕತೆ ಕೇಳ್ಬೇಕಂತೆ. ನಮ್ಮಪ್ಪ ಪಟಾಕಿ ಶಬ್ದಕ್ಕೇ ಕಿವಿ ಮುಚ್ಚಿಕೊಳ್ಳುವವರು. ನಿಮ್ಮಪ್ಪನದ್ದು ನಾಲ್ಕು ಕತೆ ಕೊಡಿ ಮಾರಾಯ್ರೆ."

ಶರಣ್ ಒಂದು ಕುರ್ಚಿ ಎಳೆದು ಕೂತ. "ಮೊದಲು ಕೋವಿಯನ್ನು ಹೆಗಲಿಗೆ ಒತ್ತಿ ಹಿಡೀಬೇಕು," ಎಂದು ಶುರುಮಾಡಿದ.