ಆಡದೇ ಬರೆದ ಒಂದು ತಿಂಗಳು

ಕೆಲವರಿಗೆ ಕೆಲಸ ಮಾಡುವುದಕ್ಕಿಂತ ಅದರ ಬಗ್ಗೆ ಮಾತಾಡುವುದೇ ರುಚಿ. ಬಾವಿಕಟ್ಟೆಯ ಮೇಲೆ ಕೂತು ಕೈ ಹೀಗೆ ಹಾಕು, ಕಾಲು ಹಾಗೆ ಬಡಿ ಅಂತ ಒದರುವವರಲ್ಲಿ ಅರ್ಧ ಮಂದಿಗೆ ಈಜು ಬರುವುದಿಲ್ಲ. ನಾನು ಆ ಪೈಕಿ ಅಲ್ಲ ಅಂತ ತಿಳಿದುಕೊಂಡಿದ್ದೆ, ಬ್ಲಾಗು ಬರೆಯುವ ಹುಚ್ಚು ಹಿಡಿಯುವ ತನಕ.

ಶಹಾಬಾದಿನ ನಮ್ಮ ಮನೆಯಲ್ಲಿ ಪ್ರತಿ ರವಿವಾರ ಒಂದು ಆಟ ನಡೆಯುತ್ತಿತ್ತು. ಹೈದರಾಬಾದಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೇ ಇಂಗ್ಲಿಷ್ ಪುಸ್ತಕ ನೋಡಿ ಕಲಿತದ್ದು. ಒಬ್ಬ ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಬಾಯಲ್ಲೇ ಹೇಳಬೇಕು. ಗೆಲುವು ಸೋಲು ದಾಳ ಬಿದ್ದಂತೆ. ಕಥೆ ನಡೆಸುವವನು ನಾನು. ನಕಾಶೆಗೆ ಬೇರೆ ಹಲಗೆ ಯಾಕೆ? ನೆಲಕ್ಕೆ ಹಾಸಿದ ಫರಸಿ ಕಲ್ಲುಗಳೇ ಚೌಕಗಳು; ಅವುಗಳ ಮೇಲೆ ಸೀಮೆಸುಣ್ಣದಿಂದ ಕೋಟೆ, ಹಳ್ಳ, ಗುಹೆ ಬರೆದರಾಯಿತು. ಆಡುವವರು ಮೂವರು: ನನ್ನ ಹೆಂಡತಿ ಸುಧಾ, ನಾನು ಇತಿಹಾಸ ಕಲಿಸುವ ಶಾಲೆಯಲ್ಲೇ ಗಣಿತ ಕಲಿಸುವ ವೆಂಕಣ್ಣಾಚಾರ್ರು, ರಾವೂರಿನ ಕಲ್ಲಿನ ವ್ಯಾಪಾರಿ ಬಸಣ್ಣ. ಏಕಾದಶಿ ದಿನ ಆಟ ಬಿತ್ತೆಂದರೆ ಆಚಾರ್ರ ಪಾತ್ರವಾದ ಬಿಲ್ಲುಗಾರನೂ ಉಪವಾಸ. ಕಾಡಿನಲ್ಲಿ ನಿತ್ರಾಣನಾಗಿ ಬಿದ್ದರೂ ಆಸಾಮಿ ಒಂದು ಹಣ್ಣು ಮುಟ್ಟುತ್ತಿರಲಿಲ್ಲ. ಬಸಣ್ಣನನ್ನು ನಿಧಿಯ ಗುಹೆಗೆ ಕರೆದುಕೊಂಡು ಹೋದರೆ, “ನಿಧಿ ಎಲ್ಲಿ ಹೋಗ್ತದ್ರಿ ಸರ, ಮೊದಲ ಗ್ವಾಡಿ ಕಲ್ಲು ಎಂಥಾದ್ದದ ಹೇಳ್ರಿ” ಎನ್ನುತ್ತಿದ್ದ. ಇಂಥವರನ್ನು ಕಟ್ಟಿಕೊಂಡು ಆಡುವ ಆ ಒಂದು ಮಧ್ಯಾಹ್ನಕ್ಕಾಗಿಯೇ ನಾನು ವಾರವಿಡೀ ಬದುಕುತ್ತಿದ್ದೆ.

ಅಷ್ಟರಲ್ಲಿ ಎಲ್ಲೋ ದೂರದೇಶದಲ್ಲಿ ಇದೇ ಆಟ ಆಡುವವರು ಬ್ಲಾಗಿನಲ್ಲೊಂದು ಸವಾಲು ಹಾಕಿದರು. ಒಂದು ತಿಂಗಳು, ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಬರಹ; ಒಂದು ದಿನವೂ ತಪ್ಪಬಾರದು. ನನ್ನನ್ನೇನು ಯಾರೂ ಅಕ್ಷತೆ ಕೊಟ್ಟು ಕರೆದಿರಲಿಲ್ಲ. ನಾನೇ ಹೋಗಿ ಸೇರಿಕೊಂಡೆ.

ಅಂದಿನಿಂದ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಳಿಂಗ ಯುದ್ಧದ ಪಾಠ ಮಾಡುತ್ತ, ಅಶೋಕನಿಗೆ ದಾಳ ಎಷ್ಟು ಬಿದ್ದಿರಬೇಕು ಅಂತ ಯೋಚಿಸುವುದು. ಸೈಬರ್ ಕೆಫೆಯಲ್ಲಿ ಅರ್ಧ ಬರೆಯುವಷ್ಟರಲ್ಲಿ ಕರೆಂಟು ಹೋಗಿ ಬರೆದದ್ದೆಲ್ಲ ಮಾಯ. ಸಿಕ್ಕ ರೈಲು ಹತ್ತಿ ಪಕ್ಕದೂರು ವಾಡಿಗೆ ಓಡಿದರೆ ಅಲ್ಲಿಯೂ ಕರೆಂಟಿಲ್ಲ. “ಈಗ ಬರ್ತದ, ಕುಂದ್ರಿ” ಅಂತ ಕೆಫೆಯವನು ಗಾಳಿ ಬೀಸಿಕೊಳ್ಳಲು ಒಂದು ರಟ್ಟು ಕೊಡುತ್ತಿದ್ದ. ಇಷ್ಟಕ್ಕೂ ಓದುವವರು ಯಾರು? ಓದುಗರ ಸಂಖ್ಯೆಯೇನೋ ಏರುತ್ತಿತ್ತು, ನಾನೇ ಹೋಗಿ ಹೋಗಿ ನೋಡುತ್ತಿದ್ದುದರಿಂದ.

ಮೊದಲ ರವಿವಾರ ಮಂದಿ ಬಂದು ಕೂತರು. ಅಂದಿನ ಪ್ರಶ್ನೆ, ‘ನಿಮ್ಮ ಗೆಳೆಯರ ಗುಂಪು ಒಡೆಯದಂತೆ ಹೇಗೆ ನೋಡಿಕೊಳ್ಳುತ್ತೀರಿ?’ “ಇವತ್ತ ಆಟ ಬ್ಯಾಡ್ರಿ, ಭಾಳ ಮಹತ್ವದ್ದು ಬರೀಲಿಕತ್ತೀನಿ” ಅಂತ ಅವರನ್ನು ಎಬ್ಬಿಸಿ ಕಳಿಸಿ, ಕೆಫೆಗೆ ಹೋಗಿ ಗೆಳೆತನದ ಮೇಲೆ ಉದ್ದಕ್ಕೆ ಬರೆದೆ. ಮುಂದಿನ ವಾರವೂ ಅದೇ ಆಯಿತು. ಚಪ್ಪಲಿ ಮೆಟ್ಟುತ್ತ ಆಚಾರ್ರು, “ಉಣ್ಣೂದು ಬಿಟ್ಟು ಎಲಿ ವರ್ಣನಾ ಮಾಡ್ಕೋತ ಕುಂತಂಗಾತಲ್ರೀ” ಅಂದರು. ಅದರ ಮರುವಾರ ಅವರು ‘ಆಟ ಅದ ಏನ್ರಿ’ ಅಂತ ಕೇಳಲೇ ಇಲ್ಲ. ಯಾಕೆಂದು ನಾನೇ ಕೇಳಬೇಕೆಂದುಕೊಂಡೆ. ಆದರೆ ಅವತ್ತಿನ ಬರಹ ಬಾಕಿ ಇತ್ತು, ಓಡಿದೆ.

ಸವಾಲು ಮುಗಿದದ್ದೂ ರವಿವಾರವೇ. ಕೊನೆಯ ಬರಹ ಹಾಕಿ, ಕೋಟೆ ಗೆದ್ದವನಂತೆ ಮನೆಗೆ ಬಂದರೆ ಒಳಗೆ ನಗೆಯೋ ನಗೆ. ನೆಲದ ತುಂಬ ಸೀಮೆಸುಣ್ಣದ ಕಾಡು. ಸುಧಾ ಕಥೆ ನಡೆಸುತ್ತಿದ್ದಾಳೆ. ಆಚಾರ್ರು, ಬಸಣ್ಣ ಬಾಯಿ ತೆರೆದು ಕೇಳುತ್ತಿದ್ದಾರೆ. ನಾನು ಅತ್ತ ಕೆಫೆಗೆ ಹೋದಕೂಡಲೇ ಇತ್ತ ಇವರು ತಿರುಗಿ ಬಂದು ವಾರವಾರವೂ ಆಡಿದ್ದರು.

“ನನ್ನ ಬಿಟ್ಟು ಆಡಿದ್ರಾ?” ಅಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳುವೇ ಬಂತು.

“ನೀವ ಎಲ್ಲಿದ್ರಿ ಆಡ್ಲಿಕ್ಕ?” ಎಂದಳು ಸುಧಾ. ಆಮೇಲೆ ಪಾಪ ಅನ್ನಿಸಿತೇನೋ, “ಬರ್ರಿ, ಕುಂದ್ರಿ. ಕಾಡಿನ ದಾರ್ಯಾಗ ಒಬ್ಬ ಸನ್ಯಾಸಿ ಬೇಕಾಗ್ಯಾನ, ನೀವ ಆಗ್ರಿ” ಅಂದಳು.

ಕೂತೆ. “ಪೊದಿಯಿಂದ ಹುಲಿ ಜಿಗೀತು. ಏನ್ ಮಾಡ್ತೀರಿ ಸ್ವಾಮಿಗಳ?” ಎಂದಳು.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, “ನೋಡ್ರಿ, ಇದರಾಗ ಮೊದಲ್ನೇ ವಿಚಾರ ಏನಂದ್ರ…” ಅಂತ ಶುರು ಮಾಡಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಹುಲಿ ನನ್ನನ್ನು ತಿಂದು ಮುಗಿಸಿತ್ತು.